ಕಡಿಮೆ ಕೀಳಿ, ಜಾಸ್ತಿ ಬರೆಯಿರಿ: ಎತ್ತರದ ಬಯಲಿನ ಪುಟ್ಟ ಹೂಗಳು

(ಬಳ್ಳಾರಿಯಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಳ್ಳಾರಿ ಬಿಸಿಲಲ್ಲಿ ಕೂತು ಹಿಮದ ನಾಡಿನ ಹೂವಿನ ಮಾತು ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಮೊದಲು ಮಳೆ ಲೆಕ್ಕ ಹೇಳುತ್ತೇನೆ. ನಮ್ಮ ಬಳ್ಳಾರಿಗೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ಲಡಾಖಿನ ಲೇಹ್ ಪಟ್ಟಣಕ್ಕೆ ಸುಮಾರು 100. ಬರದ ಸೀಮೆ ಅಂತ ಹೆಸರಾದವರು ನಾವು, ಅಲ್ವಾ? ನಮ್ಮಲ್ಲಿ ಬೀಳುವುದರ ಐದನೇ ಒಂದು ಪಾಲು ಮಾತ್ರ ಅಲ್ಲಿ ಬೀಳುತ್ತದೆ. ಅದರಲ್ಲೂ ಒಂದಿಷ್ಟು ಹಿಮವಾಗಿ ಬೀಳುತ್ತದೆ. ನಮಗೆ ಚಳಿಯ ಅನುಭವ ಇಲ್ಲದಿರಬಹುದು. ನೀರಿಲ್ಲದೆ ಬದುಕುವ ಗಿಡ ಹೇಗಿರುತ್ತದೆ ಅಂತ ಮಾತ್ರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಲದ ಬದುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ನೆಗ್ಗಿಲು ಮುಳ್ಳನ್ನು ತುಳಿದವರೇ ನಾವೆಲ್ಲ.

ನಾನು ಹೇಳುವ ಜಾಗ ಚಾಂಗ್‌ಥಾಂಗ್. ಲಡಾಖಿನ ಪೂರ್ವಕ್ಕೆ ಟಿಬೆಟ್ಟಿನ ಕಡೆ ಚಾಚಿಕೊಂಡಿರುವ ದೊಡ್ಡ ಬಯಲು. ಬಯಲು ಅಂದೆ, ಆದರೆ ಸುಮಾರು 4,500 ಮೀಟರ್ ಎತ್ತರದ ಬಯಲು. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ತ್ಸೋ ಮೊರಿರಿ, ತ್ಸೋ ಕಾರ್ ಎಂಬ ಸರೋವರಗಳು ಇರುವುದು ಅಲ್ಲೇ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕ ಇರುವ ಹಾನ್ಲೆಯೂ ಅಲ್ಲೇ. ಆ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಮೋಡ ಕಡಿಮೆ, ಗಾಳಿ ಒಣ, ಆಕಾಶ ಶುಭ್ರ. ನಕ್ಷತ್ರ ನೋಡುವವರಿಗೆ ಇದು ಹಬ್ಬ. ಗಿಡಕ್ಕೆ ಅದೇ ದೊಡ್ಡ ಕಷ್ಟ.

ಅಂಥ ಕಡೆ ಹೂವು ನೋಡಬೇಕೆಂದರೆ ಮಂಡಿ ಊರಲೇಬೇಕು. ನಿಂತು ನೋಡಿದರೆ ಬರೀ ಕಲ್ಲು, ಜಲ್ಲಿ, ಅಲ್ಲಲ್ಲಿ ಒಣ ಹುಲ್ಲು. ಕೂತು ನೋಡಿದರೆ ಕಲ್ಲಿನ ಸಂದಿಯಲ್ಲಿ ಉಗುರಿನಷ್ಟು ಹಳದಿ ಹೂವು. ಬೆರಳಿನ ಗೆಣ್ಣಿನಷ್ಟು ಎತ್ತರದ ನೀಲಿ ಜೆನ್ಶಿಯನ್. ಪಾಚಿ ಹತ್ತಿದ ಕಲ್ಲು ಅಂದುಕೊಂಡು ಕೈ ಇಟ್ಟರೆ ಅದು ಕಲ್ಲಲ್ಲ, ಜೀವಂತ ಗಿಡ. ಅದರ ಹೆಸರು ಥೈಲಾಕೋಸ್ಪರ್ಮಮ್. ಸಾವಿರಾರು ಪುಟ್ಟ ಕೊಂಬೆಗಳು ಒತ್ತೊತ್ತಾಗಿ ಬೆಳೆದು ದುಂಡಗೆ ದಿಂಬಿನಂತೆ ಆಗಿರುತ್ತವೆ. ಕೈಯಲ್ಲಿ ಒತ್ತಿದರೆ ಬಗ್ಗುವುದಿಲ್ಲ.

ಯಾಕೆ ಇಷ್ಟು ಕುಳ್ಳು? ಬಿಸಿಲು ಬಿದ್ದ ನೆಲದ ಹತ್ತಿರ ಬೆಚ್ಚಗಿರುತ್ತದೆ, ಮೊಣಕಾಲು ಮಟ್ಟಕ್ಕೆ ಬಂದರೆ ಗಾಳಿ ಆ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ದಿಂಬಿನ ಗಿಡದ ಒಳಗೆ ಬಿಸಿಲು ಹೊತ್ತಿನಲ್ಲಿ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಜಾಸ್ತಿ ಬಿಸಿ ಇರುವುದುಂಟು. ಬೆಳೆಯುವ ಕಾಲವೂ ಚಿಕ್ಕದು. ಜೂನ್ ಕೊನೆಯಿಂದ ಸೆಪ್ಟೆಂಬರ್ ಶುರುವಿನ ತನಕ ಅಷ್ಟೇ. ಅಷ್ಟರೊಳಗೆ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು. ಹಾಗಾಗಿ ಎಷ್ಟೋ ಗಿಡಗಳು ಈ ವರ್ಷದ ಮೊಗ್ಗನ್ನು ಹೋದ ವರ್ಷವೇ ತಯಾರು ಮಾಡಿ ನೆಲದ ಮಟ್ಟದಲ್ಲಿ ಇಟ್ಟುಕೊಂಡಿರುತ್ತವೆ. ಮೇಲೆ ಕಾಣುವುದು ಸ್ವಲ್ಪ. ಬೇರು, ಗೆಡ್ಡೆ, ಕೂಡಿಟ್ಟ ಆಹಾರ ಎಲ್ಲ ಕೆಳಗೆ.

ಈ ಕೊನೆಯ ಮಾತು ನೆನಪಿರಲಿ. ಗಿಡದ ಬಹುಪಾಲು ಕೆಳಗಿದೆ, ಅದು ಬೆಳೆಯಲು ದಶಕಗಳೇ ಹಿಡಿದಿವೆ ಅಂದಮೇಲೆ ಅದನ್ನು ಬೇರುಸಮೇತ ಕೀಳುವುದು ಸಣ್ಣ ಕೆಲಸವಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿದ್ದೂ ಅದೇ. ಪುಟ್ಟ ಗಿಡಗಳ ಹರ್ಬೇರಿಯಂ ಮಾಡುವವರು ಕಡಿಮೆ ಕೀಳಬೇಕು, ಜಾಸ್ತಿ ಬರೆಯಬೇಕು.

ಹರ್ಬೇರಿಯಂ ಅಂದರೆ ನಿಮಗೆಲ್ಲ ಗೊತ್ತು. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದೋ ಅಂಟಿಸಿಯೋ ಇಡುವುದು. ಇಟಲಿಯ ಪೀಸಾದಲ್ಲಿ ಲೂಕಾ ಗಿನಿ 1540ರ ದಶಕದಲ್ಲಿ ಇದನ್ನು ಕಲಿಸಿದರು ಅನ್ನುತ್ತಾರೆ. ಸುಮಾರು ಐನೂರು ವರ್ಷ ಆಗುತ್ತಾ ಬಂತು, ವಿಧಾನ ಹೆಚ್ಚು ಬದಲಾಗಿಲ್ಲ. ಎರಡು ಹಲಗೆ, ಕಾಗದ, ಬಿಗಿಯಲು ಪಟ್ಟಿ. ಹೌರಾದಲ್ಲಿ ನಮ್ಮ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ ಇದೆ. ಅಲ್ಲಿ ಸುಮಾರು 20 ಲಕ್ಷ ಹಾಳೆಗಳಿವೆ. ಹಿಮಾಲಯದ ಗಿಡಗಳಿಗೆ ಡೆಹ್ರಾಡೂನಿನಲ್ಲಿ ದೊಡ್ಡ ಸಂಗ್ರಹಗಳಿವೆ. ನಮ್ಮ ಕರ್ನಾಟಕದವರಿಗೆ ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು.

ಈಗ ಕೆಲಸಕ್ಕೆ ಬರೋಣ. ದೊಡ್ಡ ಮರದ ಕೊಂಬೆ ಒತ್ತುವುದು ಸುಲಭ. ಪುಟ್ಟ ಗಿಡವೇ ಕಷ್ಟ. ನನ್ನ ಕೈಯಲ್ಲಿರುವುದು ವಿಷ್ಣುಕ್ರಾಂತಿ, ಇವತ್ತು ಬೆಳಿಗ್ಗೆ ಕೆಂಪು ಮಣ್ಣಿನ ಬಯಲಿನಿಂದ ತಂದದ್ದು. ಹಿಮಾಲಯದ್ದಲ್ಲ, ನಮ್ಮದೇ. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಗಿಡ ಬೇಡ. ಹೂವು ಬೆಳಿಗ್ಗೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಎತ್ತರದ ನಾಡಿನಲ್ಲೂ ಇದೇ ಕಥೆ. ಮೋಡ ಕವಿದರೆ ಜೆನ್ಶಿಯನ್ ಹೂವು ನಿಮ್ಮ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ. ಸಂಜೆ ರೂಮಿಗೆ ಹೋಗಿ ಒತ್ತೋಣ ಅಂದರೆ ನಿಮಗೆ ಉಳಿಯುವುದು ಮುದುಡಿದ ಎಸಳು. ಹಾಗಾಗಿ ಪುಟ್ಟ ಹೂವನ್ನು ಕಿತ್ತ ಜಾಗದಲ್ಲೇ ಒತ್ತಬೇಕು. ಸಣ್ಣ ಪ್ರೆಸ್ ಬೆನ್ನ ಚೀಲದಲ್ಲೇ ಇರಬೇಕು.

ನೋಡಿ, ಮೊದಲು ಬೇರಿನ ಮಣ್ಣು ಉದುರಿಸುತ್ತೇನೆ. ಮಣ್ಣು ಉಳಿದರೆ ಹಾಳೆ ಉಬ್ಬುತ್ತದೆ, ಎಲೆ ಸರಿಯಾಗಿ ಒತ್ತುವುದಿಲ್ಲ. ಆಮೇಲೆ ಗಿಡವನ್ನು ನೇರ ದಿನಪತ್ರಿಕೆ ಮೇಲೆ ಇಡುವುದಿಲ್ಲ. ತೆಳು ಟಿಶ್ಯೂ ಕಾಗದವನ್ನು ಮಡಚಿ ಅದರೊಳಗೆ ಇಡುತ್ತೇನೆ. ಯಾಕೆಂದರೆ ದಿನಾ ಕಾಗದ ಬದಲಿಸುವಾಗ ಒದ್ದೆಯಾದ ದಿನಪತ್ರಿಕೆ ಮಾತ್ರ ಬದಲಾಗುತ್ತದೆ, ಟಿಶ್ಯೂ ಮಡಿಕೆ ಹಾಗೇ ಹೋಗುತ್ತದೆ. ಎಸಳಿಗೆ ಕೈ ತಾಗುವುದೇ ಇಲ್ಲ. ಒಂದು ಹೂವು ಮುಖ ಮೇಲೆ, ಇನ್ನೊಂದು ಬೋರಲು. ಒಂದನ್ನು ಬ್ಲೇಡಿನಿಂದ ಸೀಳಿ ಬಿಡಿಸಿಡಿ, ಒಳಗಿನ ಕೇಸರ ಕಾಣಲಿ. ಎರಡು ಎಲೆಯ ಹಿಂಭಾಗ ಮೇಲೆ ಬರಲಿ. ವಿಷ್ಣುಕ್ರಾಂತಿಯ ಎಲೆಯ ಮೇಲೆ ರೇಷ್ಮೆಯಂಥ ಕೂದಲಿದೆ, ಲೆನ್ಸ್ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಗಿಡ ಗುರುತಿಸುವವರಿಗೆ ಆ ಕೂದಲು ಬೇಕು. ಉದುರಿದ ಬೀಜ, ಬಿದ್ದ ಎಸಳು ಎಲ್ಲವನ್ನೂ ಕಾಗದದ ಸಣ್ಣ ಪೊಟ್ಟಣ ಕಟ್ಟಿ ಅದೇ ಹಾಳೆಗೆ ಅಂಟಿಸಿ. ಬಿಸಾಕಬೇಡಿ.

ಒಂದು ಹಾಳೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಎರಡು ಸೆಂಟಿಮೀಟರಿನ ಗಿಡ ಅದರಲ್ಲಿ ಕಳೆದೇ ಹೋಗುತ್ತದೆ. ಹಾಗಾಗಿ ಹಾಳೆ ತುಂಬಿಸಲು ಜನ ಮೂವತ್ತು ನಲವತ್ತು ಗಿಡ ಕೀಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಹಾಳೆ ಚೆಂದ ಕಾಣಲಿ ಅಂತ ಗಿಡ ಕೀಳಬಾರದು. ಸಸ್ಯ ಸಂಗ್ರಹದಲ್ಲಿ ಒಂದು ರೂಢಿಯ ನಿಯಮವಿದೆ. ಆ ಜಾಗದಲ್ಲಿ ಇಪ್ಪತ್ತು ಗಿಡ ಕಂಡರೆ ಒಂದನ್ನು ಮಾತ್ರ ತೆಗೆಯಬಹುದು. ಹತ್ತೇ ಇದ್ದರೆ ತೆಗೆಯಬೇಡಿ, ಫೋಟೊ ತೆಗೆದು, ಅಳತೆ ಬರೆದುಕೊಂಡು ಬನ್ನಿ. ಹಾಳೆಯಲ್ಲಿ ಖಾಲಿ ಜಾಗ ಉಳಿದರೆ ಉಳಿಯಲಿ.

ದಿಂಬಿನ ಗಿಡವನ್ನಂತೂ ಇಡಿಯಾಗಿ ತೆಗೆಯಲೇಬಾರದು. ಅಂಚಿನಿಂದ ಒಂದು ಸಣ್ಣ ತುಂಡು ಚಾಕುವಿನಿಂದ ಕತ್ತರಿಸಿದರೆ ಸಾಕು. ಇಡೀ ದಿಂಬು ಎಷ್ಟು ಅಗಲ, ಎಷ್ಟು ಎತ್ತರ, ನಡುವೆ ಸತ್ತ ಭಾಗ ಇದೆಯಾ, ಅದರ ಮೇಲೆ ಬೇರೆ ಯಾವ ಗಿಡ ಮೊಳೆತಿದೆ ಅಂತ ಪುಸ್ತಕದಲ್ಲಿ ಬರೆಯಿರಿ. ದಿಂಬಿನ ಮೇಲೆ ಬೇರೆ ಗಿಡ ಮೊಳೆಯುವುದು ಅಲ್ಲಿ ಸಾಮಾನ್ಯ. ಒಳಗೆ ತೇವ ಇರುತ್ತದೆ, ಮಣ್ಣು ಕೂಡಿರುತ್ತದೆ. ಹಾಳೆಯ ಮೇಲೆ ಇದ್ಯಾವುದೂ ಕಾಣಲ್ಲ. ನೀವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ರೋಡಿಯೋಲಾದಂಥ ರಸ ತುಂಬಿದ ಗಿಡಗಳದ್ದು ಬೇರೆ ಪೇಚು. ಪ್ರೆಸ್ಸಿನೊಳಗೂ ಅವು ಸಾಯುವುದಿಲ್ಲ. ವಾರ ಕಳೆದು ತೆಗೆದರೆ ಕತ್ತಲಲ್ಲೇ ಬಿಳಿಚಿಕೊಂಡು ಚಿಗುರಿರುತ್ತವೆ, ಎಲೆ ಎಲ್ಲ ಕಳಚಿರುತ್ತದೆ. ಹೂವನ್ನು ಬಿಟ್ಟು ಉಳಿದ ಭಾಗವನ್ನು ಕುದಿಯುವ ನೀರಿನಲ್ಲಿ ಕ್ಷಣ ಅದ್ದಿ, ಒರೆಸಿ, ಆಮೇಲೆ ಒತ್ತಬೇಕು. ಸಾಸ್ಸೂರಿಯಾ ಎಂಬ ಉಣ್ಣೆಗಿಡಗಳಿವೆ. ಬ್ರಹ್ಮಕಮಲ ಕೂಡ ಆ ಗುಂಪಿನದೇ. ಅವುಗಳಲ್ಲಿ ಕೆಲವಕ್ಕೆ ಮೈಯೆಲ್ಲ ಬಿಳಿ ಉಣ್ಣೆ. ಹೊರಗೆ ಒಣಗಿದಂತೆ ಕಂಡರೂ ಉಣ್ಣೆಯೊಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಉದ್ದಕ್ಕೆ ಸೀಳಿ ಒಣಗಿಸುವುದೇ ದಾರಿ.

ಕಾಗದ ಬದಲಿಸುವ ವಿಷಯ ಬೇಗ ಮುಗಿಸುತ್ತೇನೆ. ಮೊದಲ ದಿನ ಕೆಲವೇ ಗಂಟೆಯಲ್ಲಿ ಒಮ್ಮೆ, ಆಮೇಲೆ ದಿನಾ. ಲಡಾಖಿನ ಒಣ ಗಾಳಿಯಲ್ಲಿ ಬೇಗ ಒಣಗುತ್ತದೆ. ಸಿಕ್ಕಿಂನ ಮಳೆಗಾಲದಲ್ಲಿ ಎಷ್ಟು ದಿನ ಇಟ್ಟರೂ ಒಣಗುವುದಿಲ್ಲ. ನಮ್ಮ ಬಳ್ಳಾರಿಯ ಬೇಸಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹುಳ ಬೀಳದ ಹಾಗೆ ಹಿಂದೆ ಪಾದರಸದ ವಿಷ ಬಳಿಯುತ್ತಿದ್ದರು. ಹಳೆಯ ಹಾಳೆ ಮುಟ್ಟಿದರೆ ಕೈ ತೊಳೆಯಿರಿ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಕೆಲವು ದಿನ ಇಡುತ್ತಾರೆ. ವಿಷದ ಗೋಜಿಲ್ಲ.

ಇನ್ನು ಬರೆಯುವ ಮಾತು. ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ಜೆನ್ಶಿಯನ್ನಿನ ನೀಲಿ ಹಾಳೆಯ ಮೇಲೆ ಕೆಲವು ವರ್ಷದಲ್ಲಿ ಕಂದು ಆಗುತ್ತದೆ. ವಾಸನೆ ಹೋಗುತ್ತದೆ. ಗಿಡ ನೆಟ್ಟಗೆ ನಿಂತಿತ್ತಾ, ನೆಲಕ್ಕೆ ಅಂಟಿತ್ತಾ ಅನ್ನುವುದು ಹೋಗುತ್ತದೆ. ಯಾವ ದುಂಬಿ ಬಂದು ಕೂತಿತ್ತು ಅನ್ನುವುದು ಹೋಗುತ್ತದೆ. ಇವನ್ನು ಉಳಿಸುವುದು ಚೀಟಿ ಮಾತ್ರ. ಹಾಳೆಯ ಕೆಳಗೆ ಬಲ ಮೂಲೆಯಲ್ಲಿ ಅಂಟಿಸುವ ಆ ಸಣ್ಣ ಚೀಟಿ. ಅದರಲ್ಲಿ ತಾರೀಖು, ಜಾಗ, ಅಕ್ಷಾಂಶ ರೇಖಾಂಶ, ಎತ್ತರ ಬರಬೇಕು. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿತ್ತು, ನೆಲ ಜಲ್ಲಿಯೋ ಜೌಗೋ, ಪಕ್ಕದಲ್ಲಿ ಯಾವ ಗಿಡ ಇತ್ತು, ಸುತ್ತ ಎಷ್ಟು ಗಿಡ ಇದ್ದವು, ಹೂವಿನ ಬಣ್ಣ ಏನು, ಕಿತ್ತವರು ಯಾರು, ಅವರ ಸಂಗ್ರಹ ಸಂಖ್ಯೆ ಎಷ್ಟು ಅನ್ನುವುದೂ ಬೇಕು. ಬರೆಯುವುದು ಅಲ್ಲೇ, ಆಗಲೇ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಚಳಿಗೆ ಹೆಪ್ಪುಗಟ್ಟುತ್ತದೆ, ಮಳೆಗೆ ಕಲಸಿ ಹೋಗುತ್ತದೆ. ಚೀಟಿ ಇಲ್ಲದ ಗಿಡ ಎಷ್ಟೇ ಚೆನ್ನಾಗಿ ಒಣಗಿದ್ದರೂ ನನ್ನ ಪಾಲಿಗೆ ಅದು ಒಣ ಹುಲ್ಲೇ.

ಹಳಬರ ವಿಷಯ ಹೇಳಬೇಕು. ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1848 ಮತ್ತು 1849ರಲ್ಲಿ ಸಿಕ್ಕಿಂ ಬೆಟ್ಟಗಳನ್ನು ಸುತ್ತಿದರು. ಅಲ್ಲಿನ ದಿವಾನರ ಕಡೆಯವರು ಅವರನ್ನು ಹಿಡಿದು ಕೆಲವು ವಾರ ಸೆರೆಯಲ್ಲೂ ಇಟ್ಟಿದ್ದರು. ಅದೇ ಕಾಲಕ್ಕೆ ಅವರ ಗೆಳೆಯ ಥಾಮಸ್ ಥಾಮ್ಸನ್ ಲಡಾಖ್ ದಾಟಿ 1848ರಲ್ಲಿ ಕಾರಕೋರಂ ಪಾಸ್ ತನಕ ಹೋದರು. ಎಷ್ಟು ಶ್ರಮ, ಎಷ್ಟು ಗಿಡ! ಹೂಕರ್ ಹೆಸರಿಟ್ಟ ರೋಡೋಡೆಂಡ್ರನ್ ನಿವಾಲೆ ನೆಲದಿಂದ ಕೆಲವೇ ಅಂಗುಲ ಏಳುವ ಪೊದೆ. ನೀಲಗಿರಿಯಲ್ಲಿ ಕೆಂಪು ಹೂಬಿಡುವ ಮರ ನೋಡಿದ್ದೀರಲ್ಲ, ಅದರ ದಾಯಾದಿ. ಎತ್ತರ ಒಂದು ಕುಲವನ್ನು ಹೇಗೆ ಕುಗ್ಗಿಸುತ್ತದೆ ನೋಡಿ.

ಆದರೆ ಅವರಿಬ್ಬರ ಹೆಸರಿನಲ್ಲಿ ಹಂಚಿಕೆಯಾದ ಹಾಳೆಗಳ ಅಚ್ಚಿನ ಚೀಟಿ ನೋಡಿದರೆ ಮನಸ್ಸಿಗೆ ಬೇಜಾರಾಗುತ್ತದೆ. ಪ್ರದೇಶದ ಹೆಸರು, ಸಾವಿರ ಅಡಿಗಳ ಲೆಕ್ಕದಲ್ಲಿ ಎತ್ತರದ ಅಂದಾಜು, ಕಿತ್ತವರ ಹೆಸರಿನ ಮೊದಲಕ್ಷರ. ಎಷ್ಟೋ ಚೀಟಿಗಳಲ್ಲಿ ಇಷ್ಟೇ. ತಾರೀಖಿಲ್ಲ, ಬೆಟ್ಟದ ಹೆಸರಿಲ್ಲ. ಆಗ ಅವರ ಗುರಿ ಯಾವ ಯಾವ ಜಾತಿಗಳಿವೆ ಅಂತ ತಿಳಿಯುವುದು. ಹೂಕರ್ ಮುಂದೆ ತಂದ ಭಾರತದ ಸಸ್ಯಗಳ ಏಳು ಸಂಪುಟಗಳಿಗೆ ಅದು ಸಾಕಾಯಿತು. ಇವತ್ತು ನಾವು ಕೇಳುವ ಪ್ರಶ್ನೆ ಬೇರೆ. ಈ ಗಿಡ ಅಂದು ಯಾವ ಎತ್ತರದಲ್ಲಿತ್ತು, ಈಗ ಯಾವ ಎತ್ತರದಲ್ಲಿದೆ? ಎಂದು ಹೂಬಿಡುತ್ತಿತ್ತು, ಈಗ ಎಂದು ಬಿಡುತ್ತದೆ? ಎರಡು ಸಾವಿರ ಅಡಿ ಅಂತರದ ಅಂದಾಜಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಚೀಟಿ ಸರಿಯಿದ್ದರೆ ಏನೆಲ್ಲ ತಿಳಿಯುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಆರ್ಕಿಡ್ ಸಾಕ್ಷಿ. ಜೇಡನ ಆಕಾರದ ಹೂವಿನ ಆ ಗಿಡವನ್ನು 1848ರಿಂದ 1958ರ ತನಕ ಬೇರೆ ಬೇರೆಯವರು ಕಿತ್ತು ತಾರೀಖು ಬರೆದಿಟ್ಟಿದ್ದರು. 2011ರಲ್ಲಿ ವಿಜ್ಞಾನಿಗಳು ಆ ಹಾಳೆಗಳನ್ನು ಹವಾಮಾನದ ದಾಖಲೆಯ ಪಕ್ಕ ಇಟ್ಟು ನೋಡಿದರು. ವಸಂತದ ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಹೂವು ಸುಮಾರು ಆರು ದಿನ ಮುಂಚೆ ಬರುತ್ತದೆ ಅಂತ ಲೆಕ್ಕ ಸಿಕ್ಕಿತು. ಕಿತ್ತವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ತಾರೀಖು ಬರೆದಿದ್ದರು, ಅಷ್ಟೇ ಸಾಕಾಯಿತು.

ನನ್ನ ಮನಸ್ಸಿಗೆ ತುಂಬಾ ಹತ್ತಿರದ ಕೆಲಸ ಹಿಮಕಮಲದ್ದು. ಹೆಸರು ಸಾಸ್ಸೂರಿಯಾ ಲ್ಯಾನಿಸೆಪ್ಸ್. ಪೂರ್ವ ಹಿಮಾಲಯದ ತುದಿಯಲ್ಲಿ, ಟಿಬೆಟ್ ಮತ್ತು ಯುನ್ನಾನ್ ಕಡೆ, ಕಲ್ಲಿನ ಇಳಿಜಾರುಗಳಲ್ಲಿ ಬೆಳೆಯುವ ಉಣ್ಣೆಗಿಡ. ಔಷಧಿಗೆ ಭಾರಿ ಬೇಡಿಕೆ. ಗಿಡ ವರ್ಷಗಟ್ಟಲೆ ಬೆಳೆದು ಜೀವನದಲ್ಲಿ ಒಂದೇ ಸಲ ಹೂಬಿಟ್ಟು ಸಾಯುತ್ತದೆ. ಜನ ಕೀಳುವುದು ಹೂಬಿಟ್ಟಾಗಲೇ, ಅಂದರೆ ಬೀಜ ಬೀಳುವ ಮುಂಚೆ. ಅದರಲ್ಲೂ ಎತ್ತರವಾಗಿ, ದೊಡ್ಡದಾಗಿ ಕಂಡದ್ದನ್ನೇ ಕೀಳುತ್ತಾರೆ. ಕುಳ್ಳಗಿದ್ದವು ಕಣ್ಣಿಗೆ ಬೀಳದೆ ಉಳಿದು ಬೀಜ ಚೆಲ್ಲುತ್ತವೆ. ವೇನ್ ಲಾ ಮತ್ತು ಜಾನ್ ಸ್ಯಾಲಿಕ್ ಎಂಬ ಮಿಸ್ಸೂರಿ ಸಸ್ಯೋದ್ಯಾನದ ವಿಜ್ಞಾನಿಗಳು ನೂರು ವರ್ಷಕ್ಕೂ ಹಳೆಯ ಹಾಳೆಗಳಿಂದ ಹಿಡಿದು ಈಚಿನ ಹಾಳೆಗಳ ತನಕ ಗಿಡದ ಎತ್ತರ ಅಳೆದರು. ಕಾಲ ಸರಿದಂತೆ ಹಿಮಕಮಲ ಕುಳ್ಳಾಗುತ್ತಾ ಬಂದಿತ್ತು. 2005ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ಒಂದು ಅನುಮಾನ ಬರಬೇಕು. ಹಾಳೆಯ ಅಳತೆಗೆ ಹೊಂದಲಿ ಅಂತ ಈಚಿನವರು ಸಣ್ಣ ಗಿಡವನ್ನೇ ಆರಿಸಿರಬಹುದಲ್ಲ? ಅಥವಾ ಹವಾಮಾನದಿಂದ ಹೀಗಾಗಿರಬಹುದಲ್ಲ? ಅವರು ಅದನ್ನೂ ಯೋಚಿಸಿದ್ದರು. ಅದೇ ಬೆಟ್ಟಗಳಲ್ಲಿ ಬೆಳೆಯುವ, ಆದರೆ ಅಷ್ಟು ಬೇಡಿಕೆಯಿಲ್ಲದ ಸಾಸ್ಸೂರಿಯಾ ಮೆಡೂಸಾ ಎಂಬ ಇನ್ನೊಂದು ಜಾತಿಯ ಹಾಳೆಗಳನ್ನೂ ಅಳೆದರು. ಅದು ಕುಳ್ಳಾಗಿರಲಿಲ್ಲ. ಬೆಟ್ಟದಲ್ಲೂ ಅಳೆದರು. ಜಾಸ್ತಿ ಕೀಳುವ ಕಡೆ ಹಿಮಕಮಲ ಕುಳ್ಳು, ಅಪರೂಪಕ್ಕೆ ಕೀಳುವ ಕಡೆ ಎತ್ತರ. ಅಂದಮೇಲೆ ಮನುಷ್ಯನ ಕೈಯೇ ಗಿಡದ ಮೈಕಟ್ಟನ್ನು ಬದಲಿಸಿದೆ. ಅಷ್ಟು ಬೇಡಿಕೆಯಿಲ್ಲದ ಆ ಇನ್ನೊಂದು ಗಿಡವನ್ನೂ ಯಾರೋ ಕಿತ್ತು, ಒಣಗಿಸಿ, ಚೀಟಿ ಬರೆದಿಟ್ಟಿದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಲು ಆಯಿತು. ಅಪರೂಪದ ಗಿಡ ಮಾತ್ರ ಸಾಕು, ಸಾಮಾನ್ಯದ್ದು ಯಾಕೆ ಅನ್ನುವವರು ಇದನ್ನು ಯೋಚಿಸಬೇಕು.

ಎತ್ತರದ ಬಯಲಿನ ಗಿಡಗಳಿಗೆ ಇನ್ನೊಂದು ಕಷ್ಟ ಇದೆ. ಬಿಸಿ ಏರಿದರೆ ಬೆಟ್ಟದ ಗಿಡಗಳು ಮೇಲೆ ಮೇಲೆ ಸರಿಯುತ್ತವೆ. ಯುರೋಪಿನ 302 ಶಿಖರಗಳ ಹಳೆಯ ಪಟ್ಟಿ ಮತ್ತು ಹೊಸ ಪಟ್ಟಿ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕೆಳಗಿನ ಜಾತಿಗಳು ಮೇಲೇರುತ್ತಿವೆ, ಏರುವ ವೇಗವೂ ಜಾಸ್ತಿಯಾಗುತ್ತಿದೆ ಅಂತ ಅದು ತೋರಿಸಿತು. ಕೆಳಗಿನವು ಮೇಲೆ ಬಂದರೆ ಮೇಲಿದ್ದವು ಎಲ್ಲಿಗೆ ಹೋಗಬೇಕು? ಹಿಮಾಲಯದಲ್ಲಿ 6,000 ಮೀಟರ್ ದಾಟಿಯೂ ಹೂಬಿಡುವ ಗಿಡ ಸಿಕ್ಕಿದೆ. 1921ರ ಎವರೆಸ್ಟ್ ತಂಡದ ಜೊತೆ ಹೋಗಿದ್ದ ವೊಲಾಸ್ಟನ್ ಎಂಬ ವೈದ್ಯರಿಗೆ 6,180 ಮೀಟರ್ ಎತ್ತರದಲ್ಲಿ ಆರಿನೇರಿಯಾ ಎಂಬ ಪುಟ್ಟ ದಿಂಬಿನ ಗಿಡ ಸಿಕ್ಕಿತು. ಹಾಗಾಗಿ ದೊಡ್ಡ ಶಿಖರಗಳ ಪಕ್ಕದ ಗಿಡಗಳಿಗೆ ಇನ್ನೂ ಜಾಗವಿದೆ. ಸುತ್ತ ಎತ್ತರದ ಬೆಟ್ಟವಿಲ್ಲದ ಬಯಲಿನ ನಡುವಿನವಕ್ಕೆ ಅಷ್ಟು ಸಲೀಸಾದ ದಾರಿಯಿಲ್ಲ.

ಈಗ ನಮ್ಮ ಬೆಟ್ಟದ ಮಾತು. ಸಂಡೂರಿನ ರಾಮನದುರ್ಗ ಸುಮಾರು ಸಾವಿರ ಮೀಟರ್ ಎತ್ತರ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನವರು ಬೇಸಿಗೆಗೆ, ಕಾಯಿಲೆಗೆ ಅಲ್ಲಿಗೆ ಹೋಗುತ್ತಿದ್ದರು. ಹಿಮಾಲಯದ ಲೆಕ್ಕದಲ್ಲಿ ಇದು ತೀರಾ ತಗ್ಗು. ಆದರೆ ಸುತ್ತಲಿನ ಸುಡುವ ಬಯಲಿನ ನಡುವೆ ಇದೇ ನಮ್ಮ ತಂಪಿನ ಜಾಗ. ಪಶ್ಚಿಮ ಘಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುವ ನೀಲಕುರಿಂಜಿ ಸಂಡೂರಿನ ಬೆಟ್ಟಗಳಲ್ಲೂ ಇದೆ. ಇಲ್ಲಿನ ಗಿಡಕ್ಕೂ ಮೇಲೆ ಸರಿಯಲು ಇನ್ನೊಂದು ಬೆಟ್ಟವಿಲ್ಲ. ಮೇಲಾಗಿ ಇದು ಕಬ್ಬಿಣದ ಅದಿರಿನ ಬೆಟ್ಟ. ಗಣಿಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು ನಿಮಗೆಲ್ಲ ನೆನಪಿದೆ. ಅಷ್ಟರಲ್ಲಿ ಎಷ್ಟು ಬೆಟ್ಟದ ನೆತ್ತಿ ಹೋಗಿತ್ತು ಅಂತಲೂ ನೀವು ನೋಡಿದ್ದೀರಿ. ಆ ನೆತ್ತಿಯ ಮೇಲೆ ಹುಲ್ಲಿನ ನಡುವೆ ಬೆರಳುದ್ದದ ಯಾವ ಯಾವ ಗಿಡ ಇದ್ದವು? ಹಾಳೆ ಇದ್ದರೆ ಹೇಳಬಹುದು. ಇಲ್ಲದಿದ್ದರೆ ಇನ್ನು ಯಾರೂ ಹೇಳಲಾರರು. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಗ್ಯಾಂಬಲ್ ಎಂಬ ಸಸ್ಯಶಾಸ್ತ್ರಜ್ಞರು ಶುರು ಮಾಡಿದ ಮದ್ರಾಸ್ ಪ್ರಾಂತ್ಯದ ಸಸ್ಯಗಳ ಪುಸ್ತಕ 1915ರಿಂದ ಬರತೊಡಗಿತು. ಅದರಲ್ಲಿ ಬಳ್ಳಾರಿ ಸೇರಿತು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು, ಅದರ ವ್ಯಾಪ್ತಿಗೆ ಬರಲಿಲ್ಲ. ತುಂಗಭದ್ರೆಯ ಈ ದಡದ ಗಿಡ ಪುಸ್ತಕದೊಳಗೆ, ಆ ದಡದ ಅದೇ ಗಿಡ ಹೊರಗೆ. ಮದ್ರಾಸ್ ಹರ್ಬೇರಿಯಂ ಈಗ ಕೊಯಮತ್ತೂರಿನಲ್ಲಿದೆ. ಬಳ್ಳಾರಿಯ ಹಳೆಯ ಹಾಳೆ ಹುಡುಕುವವರು ಅಲ್ಲಿಂದ ಶುರು ಮಾಡಬೇಕು. ಕೊಪ್ಪಳದ ಕಲ್ಲುಗುಡ್ಡಗಳ ಪುಟ್ಟ ಗಿಡಗಳ ಮೇಲೆ ಕೆಲಸ ಮಾಡಲು ಇಲ್ಲಿರುವ ಹುಡುಗ ಹುಡುಗಿಯರಿಗೆ ಬೇಕಾದಷ್ಟು ಜಾಗ ಇದೆ. ಮೊದಲ ಮಳೆ ಬಿದ್ದ ಮೇಲೆ ಆನೆಗೊಂದಿ ಕಡೆ ಬಂಡೆಯ ಕುಳಿಗಳಲ್ಲಿ ನೀರು ನಿಲ್ಲುತ್ತದಲ್ಲ, ಆ ಅಂಗೈಯಗಲ ಮಣ್ಣಿನಲ್ಲಿ ಬಂದು ಕೆಲವೇ ವಾರದಲ್ಲಿ ಹೂಬಿಟ್ಟು ಮುಗಿಸುವ ಗಿಡಗಳನ್ನು ನೋಡಿ. ಚಾಂಗ್‌ಥಾಂಗಿನ ಗಿಡಕ್ಕೆ ಚಳಿ ಗಡುವು ಕೊಡುತ್ತದೆ, ಇಲ್ಲಿನ ಗಿಡಕ್ಕೆ ಬಿಸಿಲು.

ಇನ್ನು ಕೆಲವು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ ಕೇಳಿದ್ದು: "ಮೇಡಂ, ಈಗ ಫೋನಿನಲ್ಲೇ ಅಷ್ಟು ಚೆನ್ನಾಗಿ ಫೋಟೊ ಬರುತ್ತೆ. ಗಿಡ ಯಾಕೆ ಕೀಳಬೇಕು?"

ಒಳ್ಳೆಯ ಪ್ರಶ್ನೆ. ಎಷ್ಟೋ ಸಲ ಫೋಟೊ ಸಾಕು, ಅಪರೂಪದ ಗಿಡಕ್ಕೆ ಫೋಟೊನೇ ಸರಿ. ಆದರೆ ಪುಟ್ಟ ಗಿಡಗಳಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಎಲೆಯ ಹಿಂದಿನ ಕೂದಲು, ಬೀಜದ ಮೇಲಿನ ಗೆರೆ, ಹೂವಿನ ಒಳಗಿನ ಅಂಗ. ಫೋಟೊವನ್ನು ಬಿಡಿಸಿ ನೋಡಲು ಆಗುವುದಿಲ್ಲ. ಒಣ ಎಲೆಯಿಂದ ಡಿಎನ್‌ಎ ತೆಗೆಯಬಹುದು. ಐರ್ಲೆಂಡಿನ ಆಲೂಗಡ್ಡೆ ಬರಗಾಲಕ್ಕೆ ಕಾರಣವಾದ ರೋಗದ ತಳಿ ಯಾವುದು ಅಂತ 2013ರಲ್ಲಿ ಗೊತ್ತಾಗಿದ್ದು ಹರ್ಬೇರಿಯಂನ ಹಳೆಯ ರೋಗದ ಎಲೆಗಳಿಂದಲೇ. ಇನ್ನೊಂದು ಮಾತು. ಹೂಬಿಡುವ ಸಸ್ಯಗಳ ಹೊಸ ಜಾತಿಗಳ ಬಗ್ಗೆ 2010ರಲ್ಲಿ ಒಂದು ಅಧ್ಯಯನ ಬಂತು. ಮೊದಲ ಸಲ ಕಿತ್ತ ಐದು ವರ್ಷದೊಳಗೆ ಹೊಸ ಜಾತಿ ಅಂತ ಗುರುತಾದದ್ದು ಶೇಕಡ 16 ಮಾತ್ರ. ಸುಮಾರು ಕಾಲು ಭಾಗದಲ್ಲಿ 50 ವರ್ಷಕ್ಕೂ ಹಳೆಯ ಹಾಳೆಗಳು ಕೆಲಸಕ್ಕೆ ಬಂದಿದ್ದವು. ಹಾಗಾಗಿ ಎರಡೂ ಇರಲಿ. ಫೋಟೊ ತೆಗೆದರೆ ಅದರ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆಯಿರಿ.

ಕುರಿ ಕಾಯುವ ಹಿರಿಯರೊಬ್ಬರು ಬಂದಿದ್ದರು. ಅವರು ಕೇಳಿದರು: "ಅದೆಲ್ಲಾ ಸರಿ ತಂಗಿ, ನಮ್ ಕುರಿ ದಿನಾ ಮೇಯೋ ಗಿಡಾನೂ ಹಾಳಿಗೆ ಹಚ್ತೀರೇನು?"

ಹಚ್ಚಲೇಬೇಕು ಯಜಮಾನ್ರೇ. ಕುರಿ ಯಾವುದನ್ನು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಅನ್ನುವುದು ನಿಮಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಇಲ್ಲ. ಚಾಂಗ್‌ಥಾಂಗಿನಲ್ಲಿ ಪಶ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನರಿಗೂ ಹಾಗೆಯೇ, ಒಂದೊಂದು ಗಿಡಕ್ಕೂ ಹೆಸರಿದೆ. ನೀವು ಹೇಳಿದ ಹೆಸರು, ಹೇಳಿದವರು ನೀವೇ ಅನ್ನುವುದು, ನಿಮ್ಮ ಒಪ್ಪಿಗೆ ಇದ್ದರೆ ಚೀಟಿಯಲ್ಲಿ ಬರಬೇಕು. ಒಪ್ಪಿಗೆ ಇಲ್ಲದಿದ್ದರೆ ಬರೆಯಬಾರದು.

ಅನುಮತಿಯ ಬಗ್ಗೆ ಇಬ್ಬರು ಕೇಳಿದರು. ಮೀಸಲು ಅರಣ್ಯ, ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳಬೇಡಿ. ಚಾಂಗ್‌ಥಾಂಗ್ ಕೂಡ ಅಭಯಾರಣ್ಯವೇ. 2002ರ ಜೀವವೈವಿಧ್ಯ ಕಾಯ್ದೆ ಓದಿಕೊಳ್ಳಿ, ಹೊರದೇಶಕ್ಕೆ ಗಿಡ ಕಳಿಸುವ ಮಾತು ಬಂದರೆ ಅದು ಇನ್ನೂ ಬಿಗಿ. ಹೊಲದ ಬದು, ರಸ್ತೆ ಬದಿಯಲ್ಲಿ ಕಲಿಯಲು ಶುರು ಮಾಡಿ. ಹೊಲದವರನ್ನು ಒಂದು ಮಾತು ಕೇಳಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗಿಯದು. ಸಂಡೂರಿನವಳು. "ನಮ್ಮೂರ ಗಿಡದ ಮೇಲೆಲ್ಲ ಕೆಂಪು ಧೂಳು ಇರುತ್ತೆ ಮೇಡಂ. ಒತ್ತೋಕೆ ಮುಂಚೆ ತೊಳೀಬೇಕಾ?"

ಬೇರು ತೊಳೆಯಿರಿ. ಒಂದು ಕೊಂಬೆ ತೊಳೆದು ಒತ್ತಿ, ಎಲೆಯ ಕೂದಲು ಕಾಣಲಿ. ಇನ್ನೊಂದು ಕೊಂಬೆಯನ್ನು ಧೂಳಿನ ಸಮೇತ ಹಾಗೇ ಒತ್ತಿ, ಟಿಶ್ಯೂ ಮಡಿಕೆಯಲ್ಲೇ ಇಡಿ, ಉದುರಿದ ಧೂಳನ್ನು ಪೊಟ್ಟಣದಲ್ಲಿ ಹಾಕಿ ಹಾಳೆಗೆ ಅಂಟಿಸಿ. ಗಿಡ ರಸ್ತೆಯಿಂದ ಎಷ್ಟು ದೂರ ಇತ್ತು, ಆ ರಸ್ತೆಯಲ್ಲಿ ಅದಿರಿನ ಲಾರಿ ಓಡುತ್ತಿತ್ತಾ, ಕೊನೆಯ ಮಳೆ ಬಿದ್ದು ಎಷ್ಟು ದಿನ ಆಗಿತ್ತು ಅಂತ ಚೀಟಿಯಲ್ಲಿ ಬರೆಯಿರಿ. ಆ ಧೂಳನ್ನು ಮುಂದೆ ಯಾರಾದರೂ ಪರೀಕ್ಷೆ ಮಾಡಬಹುದು. ಮಾರನೇ ವರ್ಷ ಅದೇ ತಿಂಗಳಲ್ಲಿ ಅದೇ ಜಾಗಕ್ಕೆ ಹೋಗಿ, ಅದೇ ಜಾತಿಯ ಒಂದು ಕೊಂಬೆ ಮತ್ತೆ ತನ್ನಿ.